ದೇವರ ಮಾಡದಲ್ಲಿ ರೋಟರ್

ಜೋಗೇಶ್ವರಿಯ ನಮ್ಮ ಮನೆಯ ಅಡುಗೆಮನೆಯ ಗೋಡೆಯಲ್ಲಿ ಒಂದು ಗೂಡಿತ್ತು. ಅದನ್ನು ನಾವು ದೇವರ ಮಾಡ ಅನ್ನುತ್ತಿದ್ದೆವು. ಅದರಲ್ಲಿ ವೆಂಕಟೇಶನ ಪಟ, ಹಿತ್ತಾಳೆಯ ಬಾಲಕೃಷ್ಣ, ಅಜ್ಜಿ ಧಾರವಾಡದಿಂದ ಸೆರಗಿನಲ್ಲಿ ಕಟ್ಟಿಕೊಂಡು ತಂದ ಸಾಲಿಗ್ರಾಮ, ಇವುಗಳ ಪಕ್ಕದಲ್ಲಿ ಅಪ್ಪನ ಫಿಯೆಟ್ ಕಾರಿನ ರೋಟರ್ ಇರುತ್ತಿತ್ತು. ಹೆಬ್ಬೆರಳಿನಷ್ಟು ದೊಡ್ಡದಾದ ಕಂದು ತುಂಡು, ನೆತ್ತಿಯ ಮೇಲೆ ಒಂದು ಹಿತ್ತಾಳೆಯ ಪಟ್ಟಿ. ಇಂಜಿನ್ನಿನ ಪಕ್ಕದ ಒಂದು ಮುಚ್ಚಳದ ಕೆಳಗೆ ಕೂತು ಗಿರಗಿರ ತಿರುಗುತ್ತ ನಾಲ್ಕು ಸಿಲಿಂಡರಿಗೂ ಕಿಡಿ ಹಂಚುವುದು ಅದರ ಕೆಲಸ. ಅದನ್ನು ತೆಗೆದಿಟ್ಟರೆ ಕೀಲಿ ಕೈಯಲ್ಲಿದ್ದವನಿಗೂ ಕಾರು ಹೊರಡುವುದಿಲ್ಲ. ಇಷ್ಟರ ಮಟ್ಟಿಗೆ ನನ್ನ ನೆನಪನ್ನು ನಾನು ನಂಬುತ್ತೇನೆ, ಅಕ್ಕನೂ ಒಪ್ಪುತ್ತಾಳೆ. ಮುಂದಿನದರ ಬಗ್ಗೆ ಆ ಧೈರ್ಯವಿಲ್ಲ. ಒಂದು ಮಹಾನವಮಿಯ ಹಿಂದಿನ ದಿನ ಆ ರೋಟರನ್ನು ನಾನು ಕದ್ದೆ, ಕಳೆದೆ. ಅದರ ಆರೋಪ ಬಾಬುಕಾಕಾ ಎಂಬ ಮೆಕ್ಯಾನಿಕನ ಮೇಲೆ ಬಂತು. ಎಲ್ಲರೆದುರಿಗೆ ಆತ ಕಳ್ಳನಾದ, ನಾನು ಬಾಯಿ ಬಿಡಲಿಲ್ಲ. ನಲವತ್ತು ವರ್ಷ ನನ್ನ ಬಗ್ಗೆ ನಾನು ತಿಳಿದುಕೊಂಡಿದ್ದು ಇದೇ. ಹಳೆಯ ದಾಖಲೆಗಳನ್ನು ಅನುಮಾನದಿಂದ ಓದಬೇಕೆಂದು ಕಾಲೇಜಿನಲ್ಲಿ ಇಪ್ಪತ್ತು ಚಿಲ್ಲರೆ ವರ್ಷ ಇತಿಹಾಸ ಕಲಿಸಿದವನು ನಾನು. ಆದರೆ ಈ ಒಂದು ಮೊಕದ್ದಮೆಯಲ್ಲಿ ಸಾಕ್ಷಿಯೂ ಆರೋಪಿಯೂ ಒಬ್ಬನೇ ಎಂಬುದು ನನಗೆ ಹೊಳೆಯಲೇ ಇಲ್ಲ.

ಮನೆ ಅಂದರೆ ಎರಡನೇ ಮಹಡಿಯ ಎರಡು ಕೋಣೆ, ಮುಂದೆ ಒಂದು ಗ್ಯಾಲರಿ. ಒಳಕೋಣೆಯೇ ಅಡುಗೆಮನೆ, ಅದರ ಮೂಲೆಯಲ್ಲಿ ಸ್ನಾನಕ್ಕೂ ಪಾತ್ರೆ ತಿಕ್ಕುವುದಕ್ಕೂ ಒಂದೇ ಮೋರಿ. ಹೊರಕೋಣೆಯಲ್ಲಿ ಅಪ್ಪ, ಅವ್ವ, ಅಕ್ಕ, ನಾನು ಮಲಗುತ್ತಿದ್ದೆವು. ಅಜ್ಜಿ ಮಾತ್ರ ದೇವರನ್ನು ಕಾಯುವವಳಂತೆ ಮಾಡದ ಕೆಳಗೆ ಚಾಪೆ ಹಾಸುತ್ತಿದ್ದಳು. ಅಪ್ಪ ಅಂಧೇರಿಯ ಒಂದು ಔಷಧಿ ಕಾರ್ಖಾನೆಯಲ್ಲಿ ಸ್ಟೋರ್‌ಕೀಪರ್. ಆಫೀಸಿಗೆ ಹೋಗುತ್ತಿದ್ದದ್ದು ಲೋಕಲ್ ಟ್ರೇನ್‌ನಲ್ಲಿಯೇ. ಮೂರನೆಯವರ ಕೈ ದಾಟಿ ಬಂದಿದ್ದ ಆ ಕಾರು ಇದ್ದದ್ದು ಭಾನುವಾರಕ್ಕೆ ಮತ್ತು ಗ್ಯಾಲರಿಯಿಂದ ನೋಡುವುದಕ್ಕೆ. ಊಟದ ನಡುವೆ, ರೊಟ್ಟಿ ಮುರಿದ ಕೈಯಲ್ಲೇ ಎದ್ದು ಹೋಗಿ ಅಪ್ಪ ಕೆಳಗೆ ಬಗ್ಗಿ ನೋಡಿ ಬರುತ್ತಿದ್ದ. ಅವ್ವ ಪಲ್ಯದ ಬೋಗುಣಿ ಹಿಡಿದು ಕಾಯುತ್ತಿದ್ದಳು.

"ಅದ ಅಲ್ಲೇ? ಹಾಂಗಾದ್ರ ಇನ್ನೊಂದ ರೊಟ್ಟಿ ಹಾಕಲಿ?"

ಅವ್ವನ ಮಾತಿನಲ್ಲಿ ಕುಟುಕು ಇರುತ್ತಿತ್ತು. ಆದರೆ ಅಪ್ಪನ ಹೆದರಿಕೆ ಸುಳ್ಳೇನಲ್ಲ. ಆ ಮಳೆಗಾಲದಲ್ಲಿ ನಮ್ಮ ಓಣಿಯಿಂದಲೇ ಎರಡು ಕಾರು ಕಳುವಾಗಿದ್ದವು. ಅಪ್ಪ ಮೊದಲು ತಂದದ್ದು ಒಂದು ಸರಪಳಿ ಮತ್ತು ಬೀಗ. ಕ್ಲಚ್ ಪೆಡಲಿಗೂ ಸ್ಟೀರಿಂಗಿಗೂ ಸೇರಿಸಿ ಬಿಗಿಯುತ್ತಿದ್ದ. ಒಂದು ದಿನ ಆ ಬೀಗದ ಕೈ ಲೋಕಲ್‌ನ ನೂಕುನುಗ್ಗಲಿನಲ್ಲಿ ಎಲ್ಲೋ ಬಿತ್ತು. ನಮ್ಮ ಕಾರಿನ ಸರಪಳಿಯನ್ನು ನಾವೇ ಗರಗಸದಿಂದ ಕೊಯ್ಯುವಾಗ ಓಣಿಯ ಒಬ್ಬ ಮುದುಕ ನಮ್ಮನ್ನೇ ಕಳ್ಳರೆಂದು ಕೂಗಿಕೊಂಡ. ಆಮೇಲೆ ಡ್ಯಾಶ್‌ಬೋರ್ಡಿನ ಅಡಿಯಲ್ಲಿ ಯಾರಿಗೂ ಕಾಣದ ಒಂದು ಸ್ವಿಚ್ ಕೂಡಿಸಿದ್ದಾಯಿತು. ಅದನ್ನು ಒತ್ತದೆ ಕೀಲಿ ತಿರುಗಿಸಿದರೆ ಇಂಜಿನ್ ಗರ್ರ್ ಎನ್ನುತ್ತದೆ, ಹತ್ತಿಕೊಳ್ಳುವುದಿಲ್ಲ. ಮಹಾಲಕ್ಷ್ಮಿಗೆ ಹೊರಟ ಒಂದು ಭಾನುವಾರ ಅಪ್ಪನೇ ಆ ಸ್ವಿಚ್ಚನ್ನು ಮರೆತ. ಬ್ಯಾಟರಿ ಸಾಯುವವರೆಗೆ ಕೀಲಿ ತಿರುಗಿಸಿದ. ಬಿಲ್ಡಿಂಗಿನವರೆಲ್ಲ ಸೇರಿ ರಸ್ತೆಯ ತನಕ ನೂಕಿದ ಮೇಲೆ, ಕಾರಿನೊಳಗೆ ಕೂತಿದ್ದ ಅಕ್ಕ ಮೆಲ್ಲಗೆ, "ಅಪ್ಪಾ, ಆ ಸ್ವಿಚ್ಚು?" ಅಂದಳು. ದರ್ಶನಕ್ಕೆ ಹೋಗಿ ಬರುವವರೆಗೆ ಅಪ್ಪ ಯಾರೊಂದಿಗೂ ಮಾತಾಡಲಿಲ್ಲ.

ರೋಟರಿನ ಉಪಾಯ ಹೇಳಿಕೊಟ್ಟವನು ಬಾಬುಕಾಕಾ. ಓಣಿಯ ತುದಿಯಲ್ಲಿ ಅವನ ಗ್ಯಾರೇಜು. ನಿಪ್ಪಾಣಿ ಕಡೆಯವನು, ಅಪ್ಪನಿಗಿಂತ ಹತ್ತು ವರ್ಷ ಚಿಕ್ಕವನು. ಜೋಗೇಶ್ವರಿಯಲ್ಲಿ ಅಪ್ಪನೊಂದಿಗೆ ಕನ್ನಡದಲ್ಲಿ ಜಗಳವಾಡಬಲ್ಲ ಒಬ್ಬನೇ ಮನುಷ್ಯ.

"ಸಾಹೇಬ್ರ, ಕಳ್ಳ ಬೀಗ ಮುರೀತಾನ, ವೈರ್ ಜೋಡಸ್ತಾನ. ಆದ್ರ ಇಲ್ಲದ ಸಾಮಾನ ಎಲ್ಲಿಂದ ತರ್ತಾನ? ಇದನ್ನ ತಗದು ಕಿಸೆದಾಗ ಹಾಕ್ಕೊಂಡು ಹೋಗಿ ನಿವಾಂತ ಊಟಾ ಮಾಡ್ರಿ."

"ಇಷ್ಟಾ?"

"ಇಷ್ಟ. ಈ ವಿದ್ಯಾ ಇಲ್ಲಿ ಕಳ್ಳರಿಗೂ ಗೊತ್ತಿಲ್ಲ."

ಅಂದಿನಿಂದ ಪ್ರತಿ ಸಂಜೆ ಅಪ್ಪ ಆಫೀಸಿನಿಂದ ಬಂದವನೇ ಬಾನೆಟ್ ಎತ್ತಿ, ಎರಡು ಕ್ಲಿಪ್ ಸರಿಸಿ, ಮುಚ್ಚಳ ತೆಗೆದು, ರೋಟರ್ ಇನ್ನೂ ಇದೆಯೇ ಎಂದು ನೋಡುವ ಬದಲು ಇಲ್ಲವೆಂದು ಖಾತ್ರಿ ಮಾಡಿಕೊಂಡು ಮೇಲೆ ಬರುತ್ತಿದ್ದ. ಭಾನುವಾರ ಕಾರು ತಿರುಗಾಡಿ ಬಂದ ಮೇಲೆ ಅದನ್ನು ಕಿತ್ತು ತರುತ್ತಿದ್ದ. ಎಲ್ಲಿಡಬೇಕೆಂಬ ಪ್ರಶ್ನೆ ಮನೆಯಲ್ಲಿ ಒಂದು ವಾರದ ಜಗಳವಾಯಿತು. ಅಲಮಾರಿಯಲ್ಲಿ ಮರೆಯುತ್ತದೆ, ಕಿಟಕಿಯಲ್ಲಿ ಕಾಗೆ ಒಯ್ಯುತ್ತದೆ. ಕಡೆಗೆ ಅಪ್ಪ ಮಾಡದಲ್ಲಿಟ್ಟ. ಮಡಿ ಸೀರೆಯುಟ್ಟು ಒಲೆಯ ಮುಂದೆ ಕೂತಿದ್ದ ಅಜ್ಜಿ ತಿರುಗಿದಳು.

"ಎಣ್ಣಿ ನಾರೋ ಗಾಡಿ ಸಾಮಾನ ದೇವರ ಬಾಜೂಕ ಇಡ್ತೀಯಲ್ಲೋ, ನಿನಗ ಬುದ್ಧಿ ಅದ ಏನು?"

"ದೇವರು ಎಲ್ಲಾ ಕಾಯ್ತಾನ ಅಂತೀಯಲ್ಲಾ ಆಯಿ, ಇದನ್ನೂ ಕಾಯಲಿ."

"ಅಂವಗ ಬ್ಯಾರೆ ಉದ್ಯೋಗ ಇಲ್ಲೇನು?"

ಅವ್ವ ಒಂದು ಸಣ್ಣ ಸ್ಟೀಲ್ ಬಟ್ಟಲು ತಂದು ರೋಟರನ್ನು ಅದರಲ್ಲಿಟ್ಟು ಮಾಡದ ಅಂಚಿಗೆ ಸರಿಸಿದಳು. ಬಟ್ಟಲಿನಲ್ಲಿದ್ದದ್ದು ದೇವರಿಗೆ ತಾಗುವುದಿಲ್ಲ ಎಂದು ತೀರ್ಮಾನವಾಯಿತು. ಅಜ್ಜಿ ಆ ಬಟ್ಟಲಿಗೆ ಬೆನ್ನು ಹಾಕಿ ಪೂಜೆ ಮಾಡುವುದನ್ನು ರೂಢಿಸಿಕೊಂಡಳು.

ಇನ್ನು ಕಳವಿನ ವಿಷಯ. ನನಗೆ ನೆನಪಿರುವುದು ಹೀಗೆ. ನವಮಿಯ ಹಿಂದಿನ ದಿನ, ಸಂಜೆ. ಮರುದಿನ ಖಂಡೇಪೂಜೆ, ಕಾರಿಗೆ ಹಾರ ಹಾಕುವ ಹಬ್ಬ, ಆದ್ದರಿಂದ ಬಾಬುಕಾಕಾ ಬಂದು ಇಂಜಿನ್ನು ಸ್ವಚ್ಛ ಮಾಡಿ ಹೋಗಿದ್ದ. ಅಪ್ಪ ರೋಟರನ್ನು ಮಾಡದಲ್ಲಿಟ್ಟು ಹೂ ತರಲು ಹೋದ. ನಾನು ಊಟದ ಮಣೆಯೊಂದನ್ನು ಗೋಡೆಗೆ ಎಳೆದು, ಹತ್ತಿ ನಿಂತು, ಬಟ್ಟಲಿಗೆ ಕೈ ಹಾಕಿ ರೋಟರ್ ತೆಗೆದೆ. ಬಿಲ್ಡಿಂಗಿನ ಹಿಂದಿನ ನಾಲೆಯ ಕಟ್ಟೆಯ ಮೇಲೆ ಅದನ್ನು ಬುಗುರಿಯಂತೆ ತಿರುಗಿಸಿದೆ. ಮೂರನೆಯ ಸಲವೋ ನಾಲ್ಕನೆಯ ಸಲವೋ ಅದು ಉರುಳಿ ಕಪ್ಪು ನೀರಿಗೆ ಬಿತ್ತು. ಮನೆಗೆ ಬಂದು ಮೋರಿಯಲ್ಲಿ ಕೈ ತೊಳೆದೆ. ತೋರುಬೆರಳಿನ ತುದಿಗೆ ಮಸಿ ಹತ್ತಿತ್ತು. ಎರಡು ಸಲ ಸಾಬೂನು ಹಚ್ಚಿದರೂ ಹೋಗಲಿಲ್ಲ. ಆ ಕಪ್ಪು ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡು ಊಟಕ್ಕೆ ಕೂತದ್ದು, ಎಡಗೈಯಲ್ಲಿ ಉಣ್ಣಲು ಹೋಗಿ ಅಜ್ಜಿಯಿಂದ ಬೈಸಿಕೊಂಡದ್ದು, ಎಲ್ಲ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ.

ಮರುದಿನ ಬೆಳಿಗ್ಗೆ ಮಾಡದ ಬಟ್ಟಲು ಖಾಲಿಯಿತ್ತು. ಮಾಡದ ಕೆಳಗೆ ಅಜ್ಜಿ ಪೂಜೆಗೆ ಇಟ್ಟಿದ್ದಳು: ಇಳಿಗೆಮಣೆ, ಕತ್ತರಿ, ನಮ್ಮ ಪಠ್ಯಪುಸ್ತಕಗಳು, ಅಪ್ಪನ ಪೆನ್ನು, ಎಲ್ಲವನ್ನೂ ಮಡಿವಸ್ತ್ರದಿಂದ ಮುಚ್ಚಿ, ಮೇಲೆ ಚೆಂಡುಹೂ. ನವಮಿಯ ದಿನ ಹಾಗೆ ಇಟ್ಟದ್ದನ್ನು ದಶಮಿಯ ಪೂಜೆಯ ತನಕ ಯಾರೂ ಮುಟ್ಟಬಾರದು. ಒಂದು ದಿನವಾದರೂ ಓದಬೇಕಿಲ್ಲವೆಂದು ನಮಗೆ ಆ ಪದ್ಧತಿ ಬಹಳ ಪ್ರೀತಿ. ನೈವೇದ್ಯವಾಗುವವರೆಗೆ ಅಜ್ಜಿ ಮೌನ. ಅಪ್ಪ ಹೊಸ್ತಿಲ ಆಚೆಯಿಂದಲೇ ಕೇಳಿದ.

"ಆಯಿ, ಬಟ್ಟಲದಾಗಿನ ರೋಟರ್ ನೋಡಿಯೇನು?"

ಅಜ್ಜಿ ಕೈ ಬೀಸಿದಳು. ಇಲ್ಲ, ಹೋಗು ಎಂದು ನಾವೆಲ್ಲ ಅರ್ಥ ಮಾಡಿಕೊಂಡೆವು.

ಕೆಳಗೆ ಕಂಪೌಂಡಿನಲ್ಲಿ ಬಿಲ್ಡಿಂಗಿನವರು ಸೇರಿದ್ದರು. ಬಾಬುಕಾಕಾ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ ಪೇಡೆಯ ಪೆಟ್ಟಿಗೆ ಹಿಡಿದು ಬಂದಿದ್ದ. ಪೂಜೆಯಾದ ಮೇಲೆ ಮಕ್ಕಳನ್ನೆಲ್ಲ ಕೂರಿಸಿಕೊಂಡು ಒಂದು ಸುತ್ತು ಹೋಗುವ ಮಾತಿತ್ತು. ಅಪ್ಪ ಇಳಿದು ಬಂದ. ಅವನ ಮುಖ ಕೆಂಪಗಿತ್ತು.

"ನಿನ್ನೆ ಬಾನೆಟ್ ತಗದಾಂವ ನೀನ ಅಲ್ಲೇನೋ ಬಾಬು?"

"ಹೌದ್ರಿ ಸಾಹೇಬ್ರ. ಸಾಫ್ ಮಾಡಿ ರೋಟರ್ ನಿಮ್ಮ ಕೈಯಾಗ ಕೊಟ್ಟೇನಿ."

"ಕೊಟ್ಟಿದ್ರ ಎಲ್ಲಿ ಹೋತು? ಕಾಲು ಬಂದು ನಡಕೋತ ಹೋತೇನು? ಕಳ್ಳರಿಗೂ ಗೊತ್ತಿಲ್ಲದ ವಿದ್ಯಾ ಅಂದಿದ್ದಿ. ಗೊತ್ತಿದ್ದಾಂವ ಈ ಓಣ್ಯಾಗ ನೀನೊಬ್ಬನ."

ತಾನೇ ಅದನ್ನು ಮಾಡದಲ್ಲಿಟ್ಟದ್ದನ್ನು ಆ ಸಿಟ್ಟಿನಲ್ಲಿ ಅಪ್ಪ ಲೆಕ್ಕಕ್ಕೇ ಹಿಡಿಯಲಿಲ್ಲ. ನಾನು ಮೆಟ್ಟಿಲ ಬಳಿ ನಿಂತಿದ್ದೆ, ಬಲಗೈ ಚಡ್ಡಿಯ ಜೇಬಿನಲ್ಲಿತ್ತು. ಬಾಬುಕಾಕಾ ಪೇಡೆಯ ಪೆಟ್ಟಿಗೆಯನ್ನು ಕಾರಿನ ತಲೆಯ ಮೇಲಿಟ್ಟ. ತನ್ನ ಚೀಲದಿಂದ ಬೇರೊಂದು ರೋಟರ್ ತೆಗೆದು ಕೂಡಿಸಿದ. ಅದನ್ನು ಕಂಡು ಯಾರೋ ಹಿಂದಿಯಲ್ಲಿ, ಚೀಲದಲ್ಲೇ ಇಟ್ಟುಕೊಂಡಿದ್ದನಾ ಎಂದರು. ಇಬ್ಬರು ನಕ್ಕರು. ಸಹಾಯಕ್ಕೆ ತೆಗೆದದ್ದೇ ಸಾಕ್ಷಿಯಾಯಿತು.

"ಹೊಡೀರಿ ಸಾಹೇಬ್ರ, ಚಾವಿ."

ಕಾರು ಒಂದೇ ಸಲಕ್ಕೆ ಹೊರಟಿತು. ಬಾಬುಕಾಕಾ ಬಾನೆಟ್ ಮುಚ್ಚಿ, ಕೈ ಒರೆಸಿಕೊಂಡು, ನಮ್ಮ ಕಡೆ ನೋಡದೆ ಗೇಟು ದಾಟಿ ಹೋದ. ಆಮೇಲೆ ಅವನು ನಮ್ಮ ಕಂಪೌಂಡಿಗೆ ಬಂದದ್ದನ್ನು ನಾನು ನೋಡಲಿಲ್ಲ. ಕೆಲವೇ ತಿಂಗಳಲ್ಲಿ ಗ್ಯಾರೇಜು ಮುಚ್ಚಿ ಕುರ್ಲಾಕ್ಕೆ ಹೋದನೆಂದು ತಿಳಿಯಿತು. ನನ್ನಿಂದ ಹೋದ ಎಂದು ನಾನು ಲೆಕ್ಕ ಹಾಕಿದೆ. ಅಪ್ಪನೂ ಬದಲಾದ. ತಿಂಗಳಿಗೊಂದು ಭಾನುವಾರ ನಮ್ಮನ್ನು ಬಿಟ್ಟು ಒಬ್ಬನೇ "ಒಂದ ರೌಂಡ್ ಹೊಡದು ಬರ್ತೀನಿ" ಎಂದು ಕಾರು ತೆಗೆದುಕೊಂಡು ಹೋಗುತ್ತಿದ್ದ, ಊಟದ ಹೊತ್ತಿಗೆ ಬಂದು ಹಸಿವಿಲ್ಲ ಅನ್ನುತ್ತಿದ್ದ. ಸ್ನೇಹಿತನನ್ನು ಕಳೆದುಕೊಂಡ ದುಃಖಕ್ಕೆ ಊರು ಸುತ್ತುತ್ತಾನೆ ಎಂದುಕೊಂಡೆ. ಅದೂ ನನ್ನ ಲೆಕ್ಕಕ್ಕೇ ಸೇರಿತು. ಮುಂದೆ ಮೇಷ್ಟರಾದಾಗ, ಪರೀಕ್ಷೆಯಲ್ಲಿ ನಕಲು ಮಾಡಿದ ಹುಡುಗ ಸಿಕ್ಕಿಬಿದ್ದರೂ ನೀನೇ ಮಾಡಿದೆ ಎನ್ನಲು ನನ್ನ ನಾಲಗೆ ಏಳುತ್ತಿರಲಿಲ್ಲ. ಸಹೋದ್ಯೋಗಿಗಳು ಅದನ್ನು ಒಳ್ಳೆಯತನ ಅನ್ನುತ್ತಿದ್ದರು. ಮನೆಯಿಂದ ಹೊರಟವನು ಬೀಗ ನೋಡಲು ಮೂರು ಸಲ ಹಿಂದಿರುಗುವುದನ್ನು ಹೆಂಡತಿ ಹುಚ್ಚು ಅನ್ನುತ್ತಾಳೆ. ಎರಡರ ಬೇರೂ ಒಂದೇ ಎಂದು ನನಗೊಬ್ಬನಿಗೆ ಗೊತ್ತಿತ್ತು.

ಈ ವರ್ಷ ಬಿಲ್ಡಿಂಗ್ ಕೆಡವಿ ಹೊಸದು ಕಟ್ಟುವ ರಿಡೆವಲಪ್‌ಮೆಂಟಿಗೆ ಹೋಯಿತು. ಅಪ್ಪ, ಅವ್ವ ಇಲ್ಲ. ಮನೆ ಖಾಲಿ ಮಾಡಲು ನಾನೂ ಅಕ್ಕನೂ ಬಂದಿದ್ದೆವು. ಮಾಡದಿಂದ ದೇವರನ್ನು ಇಳಿಸಿ ಅಕ್ಕ ಬಟ್ಟೆಯಲ್ಲಿ ಸುತ್ತುತ್ತಿದ್ದಾಗ, ಮೊದಲ ಬಾರಿಗೆ ಅವಳಿಗೆ ಹೇಳಿದೆ. ಅವಳು ಗಂಟು ಕಟ್ಟುವುದನ್ನು ನಿಲ್ಲಿಸಿದಳು.

"ನೀ ಕದ್ದಿ? ಆಗ ನೀ ಎಷ್ಟ ಎತ್ತರ ಇದ್ದಿ ರಘ್ಯಾ? ಈ ಮಾಡಕ್ಕ ನನಗ ಕೈ ಎಟಕ್ತಿರಲಿಲ್ಲ, ಅವ್ವ ಸುದ್ದಾ ತುದಿಗಾಲ ಮ್ಯಾಲೆ ನಿಂದರ್ತಿದ್ಲು."

"ಮಣಿ ಮ್ಯಾಲೆ ನಿಂತಿದ್ದೆ."

"ಊಟದ ಮಣಿ ಎಷ್ಟ ಎತ್ತರ ಇರ್ತದ? ನಾಲ್ಕ ಬೆರಳು. ನೀ ಪ್ರೊಫೆಸರ್ ಹೆಂಗಾದೀಪಾ?"

ನಾನು ಟೇಪು ತಂದು ಅಳೆದೆ. ಮಾಡದ ಅಂಚು ನನ್ನ ನೆತ್ತಿಗಿಂತ ನಾಲ್ಕು ಬೆರಳು ಮೇಲಿತ್ತು. ಒಂಬತ್ತು ವರ್ಷದ, ತರಗತಿಯಲ್ಲೇ ಗಿಡ್ಡನಾದ ಹುಡುಗ ಮಣೆಯ ಮೇಲೆ ನಿಂತು ಕೈ ಚಾಚಿದರೂ ಅಂಚಿನ ಬಟ್ಟಲು ಕೂಡ ಸಿಕ್ಕುವುದಿಲ್ಲ. ಆದರೆ ಆ ಕಪ್ಪು ಬೆರಳು? ನಾಲೆ? ಬಾಬುಕಾಕಾ ಬದುಕಿದ್ದಾನೆಯೇ ಎಂದು ಓಣಿಯ ಹಳೆಯ ಟಯರ್ ಅಂಗಡಿಯಲ್ಲಿ ಕೇಳಿದೆ. ಅವನ ಮಗಳ ಮನೆಯ ವಿಳಾಸ ಎರಡೇ ನಿಮಿಷದಲ್ಲಿ ಸಿಕ್ಕಿತು. ನಲವತ್ತು ವರ್ಷ ನಾನು ಆ ಎರಡು ನಿಮಿಷ ಖರ್ಚು ಮಾಡಿರಲಿಲ್ಲ.

ಕುರ್ಲಾದ ಆ ಮನೆಯಲ್ಲಿ ಬಾಬುಕಾಕಾ ಕಿಟಕಿಯ ಬಳಿ ಮಗಳ ಮಿಕ್ಸರ್ ಬಿಚ್ಚಿಕೊಂಡು ಕೂತಿದ್ದ. ಕನ್ನಡಕದ ಮೇಲಿನಿಂದ ನೋಡಿದ.

"ಸಾಹೇಬ್ರ ರಘ್ಯಾ ಏನು? ಕೂದಲಾ ಎಲ್ಲಿ ಮಾರಿಕೊಂಡಿ?"

ದಾರಿಯುದ್ದಕ್ಕೂ ತಯಾರು ಮಾಡಿಕೊಂಡಿದ್ದ ಮಾತುಗಳನ್ನು ಉಸಿರು ಬಿಡದೆ ಹೇಳಿದೆ. ರೋಟರ್ ಕದ್ದವನು ನಾನು, ನಾಲೆಗೆ ಬೀಳಿಸಿದವನು ನಾನು, ನಿಮ್ಮ ಮೇಲೆ ಅಪವಾದ ಬಂದಾಗ ಜೇಬಿನಲ್ಲಿ ಕೈ ಇಟ್ಟುಕೊಂಡು ನಿಂತವನೂ ನಾನು. ಅವನು ಸ್ಕ್ರೂಡ್ರೈವರ್ ಕೆಳಗಿಟ್ಟು ನಗಲು ಶುರು ಮಾಡಿದ. ನಗು ಕೆಮ್ಮಾಯಿತು, ಮಗಳು ನೀರು ತಂದಳು.

"ಹುಚ್ಚ ಸೂಳೇಮಗನ, ಆ ರೋಟರ್ ನಿಮ್ಮಜ್ಜಿ ಪೂಜಾದಾಗಿತ್ತಲ್ಲೋ!"

"ಅಜ್ಜಿ ಅದನ್ನ ಮುಟ್ಟತಿರಲಿಲ್ಲ ಕಾಕಾ."

"ಮುಟ್ಟಿದ್ರು. ಹುಣಸೀಹಣ್ಣು ಹಚ್ಚಿ ಹಿತ್ತಾಳಿ ತಿಕ್ಕಿ ಫಳಫಳ ಮಾಡಿದ್ರು. ಕುಂಕುಮಾನೂ ಹಚ್ಚಿದ್ರು. ಮಗನ ಆಯುಧ ಅದ ಅಲ್ಲೇನಪಾ ಅಂತ ಕತ್ತರಿ ಬಾಜೂಕ ಇಟ್ಟು ಬಟ್ಟಿ ಮುಚ್ಚಿದ್ರು. ಪೂಜಾಕ್ಕ ಇಟ್ಟದ್ದು ಮರದಿನಾ ತನಕಾ ತಗೀಬಾರದು. ಸಾಹೇಬ್ರು ಕೇಳಿದಾಗ ಅವರದು ಮೌನ, ಕೈ ಮಾಡಿ ತೋರಿಸಿದ್ರಂತ, ಅಗಾ ಅಲ್ಲಿ ಐತಿ ಅಂತ. ಆಮ್ಯಾಲೆ ಗಾಡಿ ಹೊರಟತು, ಮತ್ತ ಅವರನ್ನ ಯಾರೂ ಕೇಳಲಿಲ್ಲ."

ಅಜ್ಜಿ ಬೀಸಿದ ಆ ಕೈಯನ್ನು ನಾನು ಮತ್ತೆ ಕಣ್ಣ ಮುಂದೆ ತಂದುಕೊಂಡೆ. ಹೋಗು ಎಂದಿತ್ತೋ, ಅಲ್ಲಿ ಎಂದಿತ್ತೋ, ಇವತ್ತಿಗೂ ಹೇಳಲಾರೆ.

"ದಶಮಿ ದಿನ ಬಟ್ಟಿ ತಗದ ಮ್ಯಾಲೆ ಸಿಕ್ಕತು. ಸಂಜಿಗೆ ನಿಮ್ಮಪ್ಪ ನಡಕೋತ ಗ್ಯಾರೇಜಿಗೆ ಬಂದ್ರು. ಒಂದ ಕೈಯಾಗ ಬನ್ನಿ ಎಲಿ, ಒಂದ ಕೈಯಾಗ ಕರ್ಚೀಪಿನ್ಯಾಗ ಸುತ್ತಿದ ರೋಟರ್. ತಪ್ಪಾತು ಬಾಬು, ಅಂದ್ರು. ನಾಳೆ ಕಂಪೌಂಡಿನ್ಯಾಗ ಎಲ್ಲಾರ ಮುಂದ ಹೇಳ್ತೀನಿ ಅಂದ್ರು. ನಾನ ಬ್ಯಾಡ ಅಂದೆ."

"ಯಾಕ?"

"ಹೇಳಿದ್ರ ಮುದಕೀನ್ನ ನಗತಿದ್ರು ಮಂದಿ. ಅಕೀ ಪಾಪ ಒಂದ ವರ್ಷ ಬೈಕೋತ ಬೈಕೋತ ಕಡೀಕ ದೇವರ ಮುಂದ ಇಟ್ಟಿದ್ಲು. ನನ್ನ ಹೆಸರೇನು, ಮೆಕ್ಯಾನಿಕಂದು. ನಾಳೆ ಗಾಡಿ ನಿಂತ್ರ ಮತ್ತ ಬಾಬೂನ್ನ ಕರೀತಾರ. ಆದ್ರ ಆ ಕಂಪೌಂಡಿಗೆ ಮಾತ್ರ ನಾ ಕಾಲಿಡೂದಿಲ್ಲ, ಗಾಡಿ ನೀವ ತರ್ರಿ ಅಂತ ಹೇಳಿದೆ. ಅಷ್ಟು ಸಿಟ್ಟು ನನಗೂ ಇತ್ತು. ಇಲ್ಲಿ ಬಾಡಿಗಿ ಕಮ್ಮಿ ಸಿಕ್ಕತು ಅಂತ ಬಂದೆ. ಇಲ್ಲೀಗೂ ತರತಿದ್ರು, ತಿಂಗಳಿಗೊಂದ ಐತವಾರ. ನನ್ನ ಹೆಂಡ್ತಿ, ನಿಮ್ಮ ಕಾಕು, ಭಾಕರಿ, ಪಿಠ್ಲಾ ಮಾಡತಿದ್ಲು. ಉಂಡ ಹೋಗತಿದ್ರು."

ಅಪ್ಪನಿಗೆ ಹಸಿವಿಲ್ಲದ ಭಾನುವಾರಗಳು! ನನಗೆ ನಗು ಬಂತು. ಆದರೆ ಅನುಮಾನ ಬಿಡಲಿಲ್ಲ. ಮುದುಕರು ಕರುಣೆಯಿಂದಲೂ ಸುಳ್ಳು ಹೇಳುತ್ತಾರೆ, ಹಾಗೆ ಹೇಳಿದ್ದನ್ನು ನಂಬುತ್ತಲೂ ಹೋಗುತ್ತಾರೆ.

"ಹಾಂಗಾದ್ರ ನಾ ನಾಲಾದಾಗ ಒಗದದ್ದು ಏನು ಕಾಕಾ?"

"ಹಳೇದು. ಅಷ್ಟಮಿ ದಿನ ಹೊಸಾದು ಹಾಕಿ, ಸವದಿದ್ದನ್ನ ನಾನ ನಿನ್ನ ಕೈಯಾಗ ಕೊಟ್ಟೇನಿ, ಗಾಡಿ ಹಂತ್ಯಾಕ. ಬುಗರಿ ಮಾಡ್ಕೋ ಅಂತ. ಮಸಿ ಹತ್ತತೈತಿ, ಅಂಗಿಗೆ ಒರಸಬ್ಯಾಡ ಅಂತನೂ ಹೇಳಿದ್ದೆ. ನೆನಪಿಲ್ಲೇನು?"

ನೆನಪಿರಲಿಲ್ಲ, ಈಗಲೂ ಇಲ್ಲ. ಆದರೆ ಮಸಿ ಹತ್ತಿದ ಬೆರಳಿನ ಸುದ್ದಿಯನ್ನು ನಾನು ಅವನಿಗೆ ಹೇಳಿರಲಿಲ್ಲ. ಅಕ್ಕನಿಗೂ ಹೇಳಿರಲಿಲ್ಲ. ಅವನು ಕಿಟಕಿಯ ಮೇಲಿನ ಬಿಸ್ಕತ್ತಿನ ಡಬ್ಬಿ ಇಳಿಸಿ ತಡಕಾಡಿದ. ನಟ್ಟು, ವಾಷರ್, ತುಕ್ಕು ಹಿಡಿದ ಸ್ಪ್ರಿಂಗುಗಳ ನಡುವಿನಿಂದ ಒಂದು ಹಳೆಯ ರೋಟರ್ ತೆಗೆದು ನನ್ನ ಅಂಗೈಯಲ್ಲಿಟ್ಟ. ಹಿತ್ತಾಳೆಯ ತುದಿ ಸುಟ್ಟು ಕರಿಯಾಗಿತ್ತು. ತೋರುಬೆರಳಿನಿಂದ ಉಜ್ಜಿದೆ. ಬೆರಳು ಕಪ್ಪಾಯಿತು. ಮಾಡದಲ್ಲಿದ್ದ ಹೊಸದನ್ನು ಕದ್ದಿದ್ದರೆ ಆಗ ನನ್ನ ಬೆರಳಿಗೆ ಏನೂ ಹತ್ತುತ್ತಿರಲಿಲ್ಲ. ಅಪರಾಧದ ಗುರುತೆಂದು ನಾನು ಇಷ್ಟು ವರ್ಷ ಬಚ್ಚಿಟ್ಟುಕೊಂಡದ್ದೇ ನನ್ನ ಪರವಾದ ಸಾಕ್ಷಿಯಾಗಿತ್ತು. ಹುಡುಗ ಹೆದರಿದ್ದ. ಹೆದರಿಕೆಯಲ್ಲಿ ಕೊಟ್ಟದ್ದನ್ನು ಕದ್ದದ್ದಾಗಿ ಮಾಡಿಕೊಂಡು, ಕಾರಿನ ಪಕ್ಕದಿಂದ ಮಾಡದ ಒಳಗೆ ಸಾಗಿಸಿ, ಹತ್ತಲು ಒಂದು ಮಣೆಯನ್ನೂ ಕೊಟ್ಟುಕೊಂಡಿದ್ದ. ಬಾಯಿ ಬಿಡದೆ ನಿಂತದ್ದು ಮಾತ್ರ ನಿಜ. ಅದಕ್ಕೆ ಕ್ಷಮೆ ಕೇಳಿದೆ.

"ಒಂಬತ್ತ ವರ್ಷದಾಂವ ಏನ ಹೇಳತಿದ್ದಿ ಬಿಡೋ. ಆದ್ರ ಬರಾಕ ನಲವತ್ತ ವರ್ಷ ಹಚ್ಚಿದಿಯಲ್ಲ, ಅದು ತಪ್ಪು. ನಿಮ್ಮ ಕಾಕು ಇದ್ದಾಗ ಬಂದಿದ್ರ ಭಾಕರಿ ಸಿಗತಿತ್ತು. ಅದಿರಲಿ, ಈಗ ನಿನ್ನ ಗಾಡಿಗೆ ಕಳ್ಳರ ಕಾಟಕ್ಕ ಏನ ಮಾಡ್ತಿ?"

"ಏನೂ ಮಾಡೂದಿಲ್ಲ ಕಾಕಾ. ಕೀಲಿ ಹತ್ರ ಇಲ್ಲಾಂದ್ರ ತಾನ ಹೊರಡೂದಿಲ್ಲ."

"ಮಜಾ ಹೋತಲ್ಲೋ ಹಾಂಗಾದ್ರ," ಅಂದು ಅವನು ಮಿಕ್ಸರಿಗೆ ಮರಳಿದ. ಮಗಳು ಮೋರಿಯಲ್ಲಿ ಸಾಬೂನಿದೆ ಅಂದಳು. ಬೇಡ ಅಂದೆ.

ಬಸ್ಸಿನಲ್ಲಿ ಅಂಧೇರಿಗೆ, ಅಲ್ಲಿಂದ ಲೋಕಲ್ ಹಿಡಿದು ಜೋಗೇಶ್ವರಿಗೆ. ತೋರುಬೆರಳನ್ನು ಮುಚ್ಚಿಕೊಳ್ಳದೆ ಎಲ್ಲರ ನಡುವೆ ಹಿಡಿಕೆ ಹಿಡಿದು ನಿಂತೆ. ಮನೆಗೆ ಬಂದಾಗ ಅಕ್ಕ ಕೊನೆಯ ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಿದ್ದಳು.

"ಕೈಗೇನಾತೋ? ಏನ ಹಿಡಕೊಂಡ ಬಂದಿ?"

"ಬಾಬುಕಾಕಾ ಕೊಟ್ಟದ್ದು," ಅಂದೆ.

ಆ ಹಳೆಯ ರೋಟರನ್ನು ಇಡಲು ಖಾಲಿ ಮಾಡದೊಳಗೆ ಕೈ ಚಾಚಿದೆ. ಈಗ ಸಲೀಸಾಗಿ ಎಟುಕಿತು.